ಕಾರು ಆಯಿಲ್ ಕುಡಿಯುತ್ತಿದ್ದರೆ: ಟಾಪ್ ಅಪ್ ಮಾಡುತ್ತ ಓಡಿಸುವುದೇ, ಎಂಜಿನ್ ಬಿಚ್ಚಿಸುವುದೇ?

ಹತ್ತು ಹನ್ನೆರಡು ವರ್ಷ ಓಡಿದ, ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಪೆಟ್ರೋಲ್ ಕಾರು ಎರಡು ಸರ್ವಿಸ್‌ಗಳ ನಡುವೆ ಆಯಿಲ್ ಕುಡಿಯತೊಡಗಿದರೆ, ಮಾಲೀಕನಿಗೆ ಸಿಗುವ ಸಲಹೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬ ಮೆಕ್ಯಾನಿಕ್ ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾನೆ. ಇನ್ನೊಬ್ಬ ಸೈಲೆನ್ಸರಿನ ಹೊಗೆ ನೋಡಿದವನೇ ಪಿಸ್ಟನ್ನಿನ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಎನ್ನುತ್ತಾನೆ. ಮನೆಯವರು ಮಾರಿಬಿಡಿ ಎನ್ನುತ್ತಾರೆ. ಈ ಮೂರು ಸಲಹೆಗಳೂ ಒಂದೊಂದು ಸಂದರ್ಭದಲ್ಲಿ ಸರಿಯಾದವೇ. ಯಾವ ಕಾರಿಗೆ ಯಾವುದು ಹೊಂದುತ್ತದೆ ಎಂಬುದು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಆಯಿಲ್ ಯಾವ ದಾರಿಯಲ್ಲಿ ಹೋಗುತ್ತಿದೆ, ಮತ್ತು ಸಿಲಿಂಡರುಗಳಲ್ಲಿ ಕಂಪ್ರೆಷನ್, ಎಂದರೆ ಪಿಸ್ಟನ್ ಅದುಮಿದಾಗ ಏಳುವ ಒತ್ತಡ, ಇನ್ನೂ ಸರಿಯಾಗಿದೆಯೇ. ಇವೆರಡನ್ನು ತಿಳಿಯದೆ ಎಂಜಿನ್ ಬಿಚ್ಚಲು ಒಪ್ಪಿಗೆ ಕೊಟ್ಟವರು ಬಹುಪಾಲು ಬೇಕಾದುದಕ್ಕಿಂತ ಹೆಚ್ಚು ಹಣ ತೆರುತ್ತಾರೆ.

ಮೊದಲು ಅಳತೆ

ಆಯಿಲ್ ಸ್ವಲ್ಪವೂ ಖರ್ಚಾಗದ ಎಂಜಿನ್ ಇಲ್ಲ. ಸಿಲಿಂಡರಿನ ಗೋಡೆಗೆ ಅಂಟಿದ ತೆಳುವಾದ ಪದರದಲ್ಲಿ ಒಂದಿಷ್ಟು ಸದಾ ಉರಿದುಹೋಗುತ್ತಲೇ ಇರುತ್ತದೆ. ಕೆಲವು ತಯಾರಕರ ಕೈಪಿಡಿಗಳು 1000 ಕಿ.ಮೀ.ಗೆ ಅರ್ಧ ಲೀಟರ್, ಇನ್ನು ಕೆಲವು ಒಂದು ಲೀಟರ್‌ವರೆಗಿನ ಖರ್ಚನ್ನೂ ಸಹಜವೆಂದೇ ಹೇಳುತ್ತವೆ. ಆ ಮಿತಿ ವಾರಂಟಿಯ ಲೆಕ್ಕಕ್ಕೆ ಅನುಕೂಲವಾದುದೇ ಹೊರತು ಕಾರಿನ ಆರೋಗ್ಯದ ಅಳತೆಗೋಲಲ್ಲ ಎಂಬುದು ನನ್ನ ಅಭಿಪ್ರಾಯ. ಸುಸ್ಥಿತಿಯಲ್ಲಿರುವ ಸಣ್ಣ ಎಂಜಿನ್ 10,000 ಕಿ.ಮೀ.ಗಳ ಸರ್ವಿಸ್ ಅವಧಿಯನ್ನು ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆಯೇ ಮುಗಿಸಬೇಕು. ಹೆಚ್ಚಿನ ಕಾರುಗಳಲ್ಲಿ ಆ ಗುರುತುಗಳ ಅಂತರ ಸುಮಾರು ಒಂದು ಲೀಟರ್. ಸಣ್ಣ ಕಾರುಗಳ ಎಂಜಿನ್ ಹಿಡಿಯುವುದೇ ಮೂರು ಲೀಟರಿನ ಆಸುಪಾಸು ಆಯಿಲ್ ಆದ್ದರಿಂದ, ಒಂದು ಲೀಟರ್ ಕಡಿಮೆಯಾಯಿತೆಂದರೆ ಮೂರನೆಯ ಒಂದು ಪಾಲು ಹೋಯಿತೆಂದೇ ಅರ್ಥ.

ಅಳೆಯುವ ಕ್ರಮ ಸರಳ, ಆದರೆ ಶಿಸ್ತು ಬೇಕು. ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಂತ ಕಾರಿನ ಡಿಪ್‌ಸ್ಟಿಕ್ಕನ್ನು ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ತೆಗೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಳಿಸಿ, ಮತ್ತೆ ತೆಗೆದು ನೋಡಬೇಕು. ಮೇಲಿನ ಗುರುತಿಗೆ ಸರಿಯಾಗಿ ತುಂಬಿಸಿ, ಓಡೋಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, 1000 ಕಿ.ಮೀ. ಓಡಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ ಮತ್ತೆ ನೋಡಿ, ಮೇಲಿನ ಗುರುತಿಗೆ ಬರುವಷ್ಟು ಆಯಿಲನ್ನು ಅಳತೆಯ ಗೆರೆಗಳಿರುವ ಡಬ್ಬಿಯಿಂದ ಹಾಕಬೇಕು. ಹಾಕಿದ ಪ್ರಮಾಣವೇ ಖರ್ಚಾದ ಪ್ರಮಾಣ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಅಳತೆಯನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ, ಜಾಬ್ ಕಾರ್ಡಿನಲ್ಲಿ ಬರೆಯಿಸಿ ಮಾಡಿಸಬೇಕು. ಹೊರಗೆ ಯಾವ ಕೆಲಸವನ್ನೂ ಮಾಡಿಸಬಾರದು.

ಇಲ್ಲೊಂದು ಎಚ್ಚರಿಕೆ. ಸರ್ವಿಸ್‌ನಲ್ಲಿ ಮೇಲಿನ ಗುರುತಿಗಿಂತ ಹೆಚ್ಚು ತುಂಬಿಸಿ ಕಳುಹಿಸುವ ಅಭ್ಯಾಸ ಕೆಲವು ಕಡೆ ಇದೆ. ಹಾಗೆ ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಶಾಫ್ಟ್ ಕಡೆದು ನೊರೆ ಎಬ್ಬಿಸುತ್ತದೆ, ಅದರ ಹನಿಗಳನ್ನು ಉಸಿರಾಟದ ಕೊಳವೆ ಎಳೆದುಕೊಂಡು ಸುಟ್ಟುಹಾಕುತ್ತದೆ. ಮಾಲೀಕ ಮಾತ್ರ ಕಾರು ಆಯಿಲ್ ಕುಡಿಯುತ್ತಿದೆ ಎಂದು ಕಂಗಾಲಾಗುತ್ತಾನೆ. ಆದ್ದರಿಂದ ಮೊದಲ ಅಳತೆಯನ್ನು ಸರ್ವಿಸ್ ಮುಗಿದ ಮರುದಿನವೇ ಆರಂಭಿಸುವುದು ಒಳ್ಳೆಯದು.

ಅಗ್ಗದ ಕಾರಣಗಳನ್ನು ಮೊದಲು ತೊಡೆದುಹಾಕಬೇಕು

ಉರಿಯುತ್ತಿದೆ ಎಂದು ತೀರ್ಮಾನಿಸುವ ಮುನ್ನ ಸೋರುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಆಯಿಲ್ ಫಿಲ್ಟರಿನ ಬುಡ, ಚೇಂಬರಿನ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆಯ) ನಟ್ಟು, ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಆಯಿಲ್ ಸೀಲ್‌ಗಳು ಸೋರಿಕೆಯ ಸಾಮಾನ್ಯ ಸ್ಥಳಗಳು. ರಾತ್ರಿ ಎಂಜಿನ್ ಕೆಳಗೆ ಹರಡಿಟ್ಟ ರಟ್ಟಿನ ಹಾಳೆ ಬೆಳಿಗ್ಗೆ ಅರ್ಧ ಸುದ್ದಿ ಹೇಳುತ್ತದೆ. ಆದರೆ ಬಿಸಿ ಎಂಜಿನ್ ಓಡುವಾಗ ಮಾತ್ರ ಸೋರುವ ಆಯಿಲ್ ನೆಲಕ್ಕೆ ಬೀಳದೆ ಸೈಲೆನ್ಸರ್ ಪೈಪಿನ ಮೇಲೆಯೇ ಸುಟ್ಟುಹೋಗುವುದೂ ಉಂಟು. ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಕಡೆಯಿಂದ ಸುಟ್ಟ ಆಯಿಲಿನ ವಾಸನೆ ಬರುತ್ತಿದ್ದರೆ ಅದೇ ಸುಳಿವು. ಇವುಗಳಲ್ಲಿ ಹಿಂದಿನ ಸೀಲ್ ಒಂದನ್ನು ಬಿಟ್ಟರೆ ಉಳಿದವು ಸಣ್ಣ ಖರ್ಚಿನ ಕೆಲಸಗಳು. ಹಿಂದಿನ ಸೀಲ್‌ಗೆ ಗೇರ್ ಬಾಕ್ಸ್ ಇಳಿಸಬೇಕಾಗುವುದರಿಂದ, ಸೋರಿಕೆ ಅಲ್ಪವಾಗಿದ್ದರೆ ಕ್ಲಚ್ ಬದಲಿಸುವ ಸಮಯದವರೆಗೆ ಕಾದು ಎರಡನ್ನೂ ಒಟ್ಟಿಗೆ ಮಾಡಿಸುವುದು ಲಾಭ.

ಎರಡನೆಯದು ಪಿಸಿವಿ ವಾಲ್ವ್. ಪಿಸ್ಟನ್ ರಿಂಗುಗಳನ್ನು (ಪಿಸ್ಟನ್ ಮತ್ತು ಸಿಲಿಂಡರಿನ ಗೋಡೆಯ ನಡುವಿನ ಸಂದನ್ನು ಮುಚ್ಚುವ ಲೋಹದ ಬಳೆಗಳನ್ನು) ದಾಟಿ ಕೆಳಗಿಳಿಯುವ ಅನಿಲವನ್ನು ಚೇಂಬರಿನಿಂದ ಹೊರಗೆಳೆದು ಮತ್ತೆ ಉರಿಯಲು ಕಳಿಸುವ ಈ ಪುಟ್ಟ ಭಾಗ ಕೆಟ್ಟರೆ ಎರಡು ಬಗೆಯಲ್ಲಿ ತೊಂದರೆ ಕೊಡುತ್ತದೆ: ತೆರೆದೇ ನಿಂತರೆ ಅನಿಲದೊಡನೆ ಆಯಿಲನ್ನೂ ಎಳೆದುಕೊಳ್ಳುತ್ತದೆ, ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ ಸೀಲ್‌ಗಳಿಂದ ಆಯಿಲ್ ಒಸರುತ್ತದೆ. ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬಿಸುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಒಂದು ಕಾಗದದ ತುಂಡು ಇಡಬೇಕು. ಕಾಗದ ಮೆಲ್ಲಗೆ ಒಳಕ್ಕೆ ಎಳೆದು ಅಂಟಿಕೊಂಡರೆ ವ್ಯವಸ್ಥೆ ಸರಿಯಿದೆ. ಮುಚ್ಚಳ ಬಿಡಿಸಲೇ ಕಷ್ಟವಾಗುವಷ್ಟು ಬಲವಾಗಿ ಎಳೆಯುತ್ತಿದ್ದರೆ ವಾಲ್ವ್ ತೆರೆದೇ ನಿಂತಿರಬಹುದು. ಕಾಗದ ಹಾರಿಹೋಗುವಂತೆ ದಮ್ಮು ಹೊರಬರುತ್ತಿದ್ದರೆ, ಒಂದೋ ವಾಲ್ವ್ ಕಟ್ಟಿಕೊಂಡಿದೆ, ಇಲ್ಲವೇ ನಮ್ಮ ಗ್ಯಾರೇಜುಗಳಲ್ಲಿ ಬ್ಯಾಕ್ ಕಂಪ್ರೆಷನ್ ಎಂದು ಕರೆಯುವ ರಿಂಗುಗಳ ಸವೆತ ಆರಂಭವಾಗಿದೆ. ಬಹಳಷ್ಟು ಸಣ್ಣ ಕಾರುಗಳಲ್ಲಿ ಈ ವಾಲ್ವ್ ಅಗ್ಗದ ಬಿಡಿಭಾಗವಾದುದರಿಂದ, ಅನುಮಾನವಿದ್ದರೆ ಬದಲಿಸಿ ಮತ್ತೆ 1000 ಕಿ.ಮೀ. ಅಳೆದು ನೋಡುವುದೇ ಜಾಣತನ.

ವಾಲ್ವ್ ಸೀಲೋ, ರಿಂಗೋ?

ಸೋರಿಕೆಯೂ ಇಲ್ಲ, ಪಿಸಿವಿಯೂ ಸರಿಯಿದೆ ಎಂದಾದ ಮೇಲೆ ಉಳಿಯುವ ದಾರಿಗಳು ಮುಖ್ಯವಾಗಿ ಎರಡು: ಮೇಲಿನಿಂದ, ವಾಲ್ವ್ ಗೈಡ್‌ಗಳ (ವಾಲ್ವಿನ ಕಡ್ಡಿ ಜಾರಾಡುವ ಕೊಳವೆಗಳ) ತಲೆಯ ಮೇಲೆ ಕೂರುವ ರಬ್ಬರ್ ಸೀಲ್‌ಗಳ ಮೂಲಕ, ಕೆಳಗಿನಿಂದ, ಪಿಸ್ಟನ್ ರಿಂಗುಗಳ ಮೂಲಕ. ಎರಡರ ದುರಸ್ತಿ ಖರ್ಚಿನಲ್ಲಿ ಅಜಗಜಾಂತರ ಇರುವುದರಿಂದ ಈ ವಿಷಯದಲ್ಲಿ ಅವಸರ ಸಲ್ಲದು.

ಹೊಗೆ ಬರುವ ಸಮಯವೇ ಮೊದಲ ಸಾಕ್ಷಿ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತುಹೋದರೆ, ಸೀಲ್‌ಗಳನ್ನು ದಾಟಿ ಹನಿಹನಿಯಾಗಿ ಇಳಿದ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬಹುದು. ಇದಕ್ಕೆ ಘಾಟಿ ರಸ್ತೆಗಿಂತ ಒಳ್ಳೆಯ ಪರೀಕ್ಷಾಶಾಲೆ ಇಲ್ಲ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಆಕ್ಸಿಲರೇಟರಿನಿಂದ ಕಾಲು ತೆಗೆದು, ಎರಡನೆಯ ಗೇರಿನಲ್ಲಿ ಇಳಿಯುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಬಲವಾಗುತ್ತದೆ, ಸಡಿಲವಾದ ಸೀಲ್‌ಗಳ ಮೂಲಕ ಆಯಿಲ್ ಒಳಸೇರುತ್ತದೆ. ಕೆಳಗೆ ಸಮತಟ್ಟಿಗೆ ಬಂದು ಮತ್ತೆ ಆಕ್ಸಿಲರೇಟರ್ ತುಳಿದ ಕ್ಷಣ ಹಿಂದಿನ ಕಾರಿನವರು ಹಾರ್ನ್ ಹೊಡೆಯುವಷ್ಟು ನೀಲಿ ಹೊಗೆ ಏಳುತ್ತದೆ. ಅದಕ್ಕೆ ಬದಲಾಗಿ, ಘಾಟಿ ಹತ್ತುವಾಗ, ಎಂಜಿನ್ ದಮ್ಮು ಕಟ್ಟಿ ಎಳೆಯುತ್ತಿರುವಾಗಲೇ ಹೊಗೆ ನಿರಂತರವಾಗಿದ್ದರೆ ರಿಂಗುಗಳ ಕಡೆ ನೋಡಬೇಕು. ಹಾಗೆಂದು ಹೊಗೆ ಕಾಣದಿದ್ದರೆ ಆಯಿಲ್ ಉರಿಯುತ್ತಿಲ್ಲ ಎನ್ನುವಂತಿಲ್ಲ. ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಕಷ್ಟು ಹೊಗೆಯನ್ನು ನುಂಗಿಬಿಡುತ್ತದೆ.

ಎರಡನೆಯ ಸಾಕ್ಷಿ ಕಂಪ್ರೆಷನ್ ಪರೀಕ್ಷೆ, ಎಂದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು. ಪೆಟ್ರೋಲ್ ಎಂಜಿನ್‌ಗಳಲ್ಲಿ ಈ ಒತ್ತಡ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ನಡುವೆ ಇರುತ್ತದೆ. ನಿಖರ ಅಂಕಿಗಿಂತಲೂ ಸಿಲಿಂಡರುಗಳ ನಡುವಣ ವ್ಯತ್ಯಾಸ ಮುಖ್ಯ. ಒಂದು ಸಿಲಿಂಡರಿನ ಅಂಕಿ ಉಳಿದವುಗಳಿಗಿಂತ ಬಹಳ ಕೆಳಗಿದ್ದರೆ, ಆ ಪ್ಲಗ್ ತೂತಿನೊಳಗೆ ಒಂದು ಚಮಚದಷ್ಟು ಆಯಿಲ್ ಹಾಕಿ ಮತ್ತೆ ಪರೀಕ್ಷಿಸಬೇಕು. ಅಂಕಿ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ, ಏರದಿದ್ದರೆ ದೋಷ ವಾಲ್ವ್‌ಗಳಲ್ಲೋ ಹೆಡ್ ಗ್ಯಾಸ್ಕೆಟ್‌ನಲ್ಲೋ ಇದೆ. ಪ್ಲಗ್ ಬಿಚ್ಚಿದಾಗ ಅದರ ತುದಿಯನ್ನೂ ನೋಡಬೇಕು: ನಾಲ್ಕರಲ್ಲಿ ಮೂರು ಒಣಗಿದ ಕಂದು ಬಣ್ಣದಲ್ಲಿದ್ದು, ಒಂದರ ಮೇಲೆ ಮಾತ್ರ ಕಪ್ಪು ಜಿಡ್ಡೋ ಬೂದಿಯ ಹೊಪ್ಪಳೆಯೋ ಇದ್ದರೆ, ತೊಂದರೆ ಆ ಸಿಲಿಂಡರಿನದು.

ಗೊಂದಲ ಹುಟ್ಟಿಸುವ ಸ್ಥಿತಿಯೊಂದಿದೆ. ಕಂಪ್ರೆಷನ್ ಎಲ್ಲದರಲ್ಲೂ ಸರಿಯಿರುತ್ತದೆ, ಸೀಲ್‌ಗಳೂ ಚೆನ್ನಾಗಿರುತ್ತವೆ, ಆದರೂ ಆಯಿಲ್ ಹೋಗುತ್ತದೆ. ಪಿಸ್ಟನ್ನಿನ ಮೂರು ರಿಂಗುಗಳಲ್ಲಿ ಮೇಲಿನ ಎರಡು ಕಂಪ್ರೆಷನ್ನಿನವು, ಕೆಳಗಿನದು ಗೋಡೆಯ ಆಯಿಲನ್ನು ಕೆರೆದು ಕೆಳಕ್ಕೆ ಕಳಿಸುವ ಆಯಿಲ್ ರಿಂಗ್. ಈ ಕೊನೆಯದರ ಹಿಂದಿನ ಸಣ್ಣ ತೂತುಗಳು ಇಂಗಾಲದಿಂದ ಕಟ್ಟಿಕೊಂಡರೆ ಕೆರೆದ ಆಯಿಲಿಗೆ ಇಳಿಯಲು ದಾರಿ ಇರುವುದಿಲ್ಲ. ಟೊಯೊಟಾದ 2.4 ಲೀಟರಿನ 2ಎಝಡ್-ಎಫ್ಇ ಎಂಜಿನ್ ಇದರ ಪ್ರಸಿದ್ಧ ಉದಾಹರಣೆ. ಅಮೆರಿಕದಲ್ಲಿ ಕಂಪನಿಯೇ ಅಳತೆಯ ಪರೀಕ್ಷೆ ನಡೆಸಿ, 1200 ಮೈಲಿಗೆ, ಎಂದರೆ ಸುಮಾರು 1900 ಕಿ.ಮೀ.ಗೆ, ಒಂದು ಕ್ವಾರ್ಟ್‌ಗಿಂತ (ಸುಮಾರು ಒಂದು ಲೀಟರಿಗಿಂತ) ಹೆಚ್ಚು ಆಯಿಲ್ ಕುಡಿದ ಕಾರುಗಳಿಗೆ ಹೊಸ ವಿನ್ಯಾಸದ ಪಿಸ್ಟನ್ ಮತ್ತು ರಿಂಗುಗಳನ್ನು ಹಾಕಿಕೊಡುವ ಏರ್ಪಾಡು ಮಾಡಿತ್ತು. ಅಂದಿನ ದಿನಗಳಲ್ಲಿ ಭಾರತದಲ್ಲಿ ಮಾರಾಟವಾದ ಕ್ಯಾಮ್ರಿಯಲ್ಲೂ ಇದೇ ಎಂಜಿನ್ ಇತ್ತು. ಈ ಬಗೆಯ ಎಂಜಿನ್ ಆಯಿಲ್ ಕುಡಿದರೂ ಶಕ್ತಿ ಕಳೆದುಕೊಂಡಿರುವುದಿಲ್ಲ ಎಂಬುದು ಮುಂದಿನ ಲೆಕ್ಕಾಚಾರಕ್ಕೆ ಮುಖ್ಯ.

ಟಾಪ್ ಅಪ್ ಮಾಡುತ್ತ ಓಡಿಸುವುದು

ಹೆಚ್ಚಿನವರು ಇದನ್ನು ಆಯ್ಕೆಯೆಂದೇ ಪರಿಗಣಿಸುವುದಿಲ್ಲ, ಸೋಮಾರಿತನ ಎಂದುಕೊಳ್ಳುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ವರ್ಷಕ್ಕೆ 12,000 ಕಿ.ಮೀ. ಓಡುವ ಕಾರು 1500 ಕಿ.ಮೀ.ಗೆ ಒಂದು ಲೀಟರ್ ಕುಡಿಯುತ್ತದೆ, ಆಯಿಲ್ ಲೀಟರಿಗೆ 500 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 8 ಲೀಟರ್, 4000 ರೂಪಾಯಿ. ಎಂಜಿನ್ ಕೆಲಸಕ್ಕೆ ಗ್ಯಾರೇಜಿನವರು 50,000 ರೂಪಾಯಿ ಅಂದಾಜು ಕೊಟ್ಟಿದ್ದರೆ ಅದು ಹನ್ನೆರಡೂವರೆ ವರ್ಷದ ಟಾಪ್ ಅಪ್ ಖರ್ಚಿಗೆ ಸಮ. ಅಷ್ಟು ವರ್ಷ ಆ ಕಾರೇ ಉಳಿಯುವುದು ಅನುಮಾನ. ಅದೇ ಕಾರು 500 ಕಿ.ಮೀ.ಗೆ ಒಂದು ಲೀಟರ್ ಕುಡಿದರೆ ವರ್ಷಕ್ಕೆ 24 ಲೀಟರ್, 12,000 ರೂಪಾಯಿಯಾಗಿ, ಸುಮಾರು ನಾಲ್ಕು ವರ್ಷದಲ್ಲಿ ದುರಸ್ತಿಯ ಹಣ ಮುಟ್ಟುತ್ತದೆ. ನಿಮ್ಮ ಕಾರಿನ ಅಂಕಿಗಳನ್ನು ಇಲ್ಲಿ ಹಾಕಿ ನೋಡಿದರೆ ಅರ್ಧ ತೀರ್ಮಾನ ಆಗಿಯೇಹೋಗುತ್ತದೆ.

ಉಳಿದರ್ಧ ಹಣದ ಲೆಕ್ಕವಲ್ಲ. ಆಯಿಲಿನಲ್ಲಿ ಸವೆತ ತಡೆಯಲು ಬೆರೆಸಿರುವ ರಂಜಕ ಮತ್ತು ಸತುವಿನ ಅಂಶಗಳು ಉರಿದಾಗ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತು ಅದನ್ನು ನಿಧಾನವಾಗಿ ನಿಷ್ಕ್ರಿಯಗೊಳಿಸುತ್ತವೆ; ಕೊನೆಗೆ ಎಮಿಷನ್ ಟೆಸ್ಟಿನಲ್ಲಿ ಕಾರು ಪಾಸಾಗುವುದಿಲ್ಲ. ಪ್ಲಗ್ಗುಗಳು ಬೇಗ ಕೆಡುತ್ತವೆ. ಎಲ್ಲಕ್ಕಿಂತ ದೊಡ್ಡ ಅಪಾಯ ಮರೆವು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆಯಿಲಿನ ಮಟ್ಟವನ್ನು ತೋರಿಸುವುದಿಲ್ಲ, ಒತ್ತಡ ಕುಸಿದುದನ್ನು ತೋರಿಸುತ್ತದೆ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಬೇರಿಂಗುಗಳಿಗೆ ಆಯಿಲ್ ತಲುಪುವುದು ನಿಂತಿರುತ್ತದೆ. ಘಾಟಿಯ ತಿರುವುಗಳಲ್ಲಿ ಆ ದೀಪ ಒಂದು ಕ್ಷಣ ಮಿನುಗಿದರೂ ಕಾರನ್ನು ಬದಿಗೆ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಲೇಬೇಕು. ಆದ್ದರಿಂದ ಈ ಆಯ್ಕೆ, ಎರಡು ವಾರಕ್ಕೊಮ್ಮೆ ಬಾನೆಟ್ ಎತ್ತುವ ಅಭ್ಯಾಸವಿರುವವರಿಗೆ, ಡಿಕ್ಕಿಯಲ್ಲಿ ಅದೇ ಗ್ರೇಡಿನ ಒಂದು ಲೀಟರ್ ಡಬ್ಬಿ ಇಟ್ಟುಕೊಳ್ಳುವವರಿಗೆ ಮಾತ್ರ. ಮನೆಯಲ್ಲಿ ಮೂವರು ಓಡಿಸುವ, ಯಾರೂ ಬಾನೆಟ್ ಎತ್ತದ ಕಾರಿಗೆ ಇದು ಹೊಂದುವುದಿಲ್ಲ.

ದಪ್ಪ ಆಯಿಲ್ ಮತ್ತು ಔಷಧಗಳು

5ಡಬ್ಲ್ಯೂ-30 ಆಯಿಲಿನ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ ನಡುವೆ ಇರಬೇಕು, 5ಡಬ್ಲ್ಯೂ-40ರದು 12.5ರಿಂದ 16.3ರ ನಡುವೆ. ಈ ಒಂದು ಮೆಟ್ಟಿಲು ಏರುವುದು, ಕೈಪಿಡಿಯಲ್ಲಿ ಎರಡೂ ಗ್ರೇಡುಗಳಿಗೆ ಅನುಮತಿ ಇದ್ದರೆ, ಯೋಗ್ಯ ಪ್ರಯತ್ನ. ಅಲ್ಪ ಸವೆತವಿರುವ ಎಂಜಿನ್‌ನಲ್ಲಿ ಖರ್ಚು ಸ್ವಲ್ಪ ಇಳಿಯುವುದುಂಟು. ಹಳೆಯ ಅಂಬಾಸಿಡರಿನ ಕಾಲದ ರೂಢಿಯಂತೆ 20ಡಬ್ಲ್ಯೂ-50 ತಂದು ಸುರಿಯುವುದು ಮಾತ್ರ ತಪ್ಪು. ವಾಲ್ವ್‌ಗಳು ತೆರೆಯುವ ಸಮಯವನ್ನು ಬದಲಿಸುವ, ಇಂದಿನ ಎಂಜಿನ್‌ಗಳ ವಿವಿಟಿ ವ್ಯವಸ್ಥೆ ಸಣ್ಣ ಕೊಳವೆಗಳಲ್ಲಿ ಹರಿಯುವ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವುದರಿಂದ ಅದಕ್ಕೆ ಹೊಂದದ ಸ್ನಿಗ್ಧತೆ ಹೊಸ ತೊಂದರೆ ತರುತ್ತದೆ. ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವುದರಿಂದ ಕಡಿಮೆ ಬೂದಿಯ, ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಬೇಕು.

ಗಟ್ಟಿಯಾದ ರಬ್ಬರನ್ನು ಮೆದುಗೊಳಿಸುವ ಅಂಶಗಳಿರುವ, ಹೆಚ್ಚು ಓಡಿದ ಕಾರುಗಳಿಗೆಂದೇ ಮಾರುವ ಆಯಿಲುಗಳು ವಾಲ್ವ್ ಸೀಲ್ ಪ್ರಕರಣಗಳಲ್ಲಿ ಒಂದಿಷ್ಟು ನೆರವಾಗಬಹುದು. ಇಂಗಾಲ ಕಟ್ಟಿದ ಆಯಿಲ್ ರಿಂಗುಗಳಿಗೆ ಪ್ಲಗ್ ತೂತುಗಳ ಮೂಲಕ ದ್ರಾವಕ ಹಾಕಿ ರಾತ್ರಿಯಿಡೀ ನೆನೆಯಿಸುವ ವಿಧಾನವೂ ಇದೆ. ಕಂಪ್ರೆಷನ್ ಚೆನ್ನಾಗಿರುವ ಎಂಜಿನ್‌ಗೆ ಇದನ್ನು ಒಮ್ಮೆ ಪ್ರಯತ್ನಿಸಬಹುದು ಎಂದು ನಾನು ಹೇಳುವೆ. ಆದರೆ ಉಳಿದ ದ್ರಾವಕವನ್ನು ಹೊರತೆಗೆಯದೆ ಪ್ಲಗ್ ಕಟ್ಟಿ ಸ್ಟಾರ್ಟರ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಪ್ಲಗ್ಗುಗಳಿಲ್ಲದೆಯೇ ಎಂಜಿನ್ ತಿರುಗಿಸಿ ಸಿಲಿಂಡರುಗಳನ್ನು ಖಾಲಿ ಮಾಡಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಮೇಲಷ್ಟೇ ಕಾರನ್ನು ಚಾಲೂ ಮಾಡಬೇಕು. ರಿಂಗ್ ಸವೆದ ಎಂಜಿನ್‌ಗೆ ಯಾವ ಬಾಟಲಿಯ ಔಷಧವೂ ಲೋಹವನ್ನು ಮರಳಿಸಿಕೊಡುವುದಿಲ್ಲ.

ವಾಲ್ವ್ ಸೀಲ್ ಬದಲಾವಣೆ

ದೋಷ ಸೀಲ್‌ಗಳದ್ದೇ ಎಂದು ಖಚಿತವಾದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಸಿಗುವ ದುರಸ್ತಿ ಇದೇ. ಸೀಲ್‌ಗಳ ಬೆಲೆ ಕಡಿಮೆ, ಖರ್ಚೆಲ್ಲ ಕೂಲಿಯದು. ಅನೇಕ ಎಂಜಿನ್‌ಗಳಲ್ಲಿ ಪ್ಲಗ್ ತೂತಿನಿಂದ ಗಾಳಿಯ ಒತ್ತಡ ಕೊಟ್ಟು ವಾಲ್ವ್‌ಗಳನ್ನು ಮೇಲೆಯೇ ಹಿಡಿದಿಟ್ಟು, ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಸೀಲ್ ಬದಲಿಸಬಹುದು. ಗ್ಯಾರೇಜಿನವರು ಇದಕ್ಕೆ ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಬೇಕು. ಹೆಡ್ ಇಳಿಸಿದರೆ ಗ್ಯಾಸ್ಕೆಟ್, ಫೇಸಿಂಗ್, ವಾಲ್ವ್ ಲ್ಯಾಪಿಂಗ್ ಎಂದು ಬಿಲ್ ಬೆಳೆಯುತ್ತದೆ, ಆದರೆ ವಾಲ್ವ್ ಗೈಡ್‌ಗಳ ಆಟವನ್ನು ಪರೀಕ್ಷಿಸುವ ಅವಕಾಶವೂ ದೊರೆಯುತ್ತದೆ. ಗೈಡ್ ಸಡಿಲವಾಗಿದ್ದರೆ ಹೊಸ ಸೀಲ್ ಬೇಗನೆ ಮತ್ತೆ ಹಾಳಾಗುವುದರಿಂದ, ಎರಡು ಲಕ್ಷ ಕಿ.ಮೀ. ಸಮೀಪಿಸಿದ ಕಾರಿಗೆ ಹೆಡ್ ಇಳಿಸಿಯೇ ಮಾಡಿಸುವುದು ಮೇಲು.

ರಿಂಗ್ ಬದಲಿಸುವುದು, ಅಥವಾ ಪೂರ್ತಿ ಎಂಜಿನ್ ಕೆಲಸ

ಕಂಪ್ರೆಷನ್ ಬಿದ್ದಿದೆ, ಎಳೆತ ಕಡಿಮೆಯಾಗಿದೆ, ಮೈಲೇಜೂ ಇಳಿದಿದೆ, ಆದರೆ ಬಾಡಿ, ಗೇರ್ ಬಾಕ್ಸ್, ಸಸ್ಪೆನ್ಷನ್ ಎಲ್ಲ ಗಟ್ಟಿಯಾಗಿವೆ ಎಂದಾದರೆ ಎಂಜಿನ್ ಕೆಲಸಕ್ಕೆ ಅರ್ಥವಿದೆ. ಇಲ್ಲಿ ಗ್ಯಾರೇಜುಗಳು ಮುಂದಿಡುವುದು ಎರಡು ದಾರಿ. ಹಾಫ್ ಎಂಜಿನ್ ಕೆಲಸದಲ್ಲಿ ಹೆಡ್ ಮತ್ತು ಚೇಂಬರ್ ಇಳಿಸಿ, ಪಿಸ್ಟನ್ನುಗಳನ್ನು ಮೇಲಕ್ಕೆ ತೆಗೆದು, ರಿಂಗು, ಬಿಗ್ ಎಂಡ್ ಬೇರಿಂಗು, ವಾಲ್ವ್ ಸೀಲ್ ಬದಲಿಸುತ್ತಾರೆ. ಕ್ರ್ಯಾಂಕ್ ಇದ್ದಲ್ಲೇ ಇರುತ್ತದೆ. ಪೂರ್ತಿ ಕೆಲಸದಲ್ಲಿ ಬ್ಲಾಕ್ ಲೇತ್ ಅಂಗಡಿಗೆ ಹೋಗಿ, ಬೋರ್ ಆಗಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಕೂರುತ್ತದೆ, ಇಲ್ಲವೇ ಸಿಲಿಂಡರಿನೊಳಗೆ ಹೊಸ ಸ್ಲೀವ್ (ಲೋಹದ ಒಳಕೊಳವೆ) ಹಾಕಲಾಗುತ್ತದೆ.

ಎರಡರಲ್ಲಿ ಆರಿಸುವವರು ಬೋರ್ ಗೇಜಿನ ಅಳತೆಯನ್ನು ಕೇಳಿ ಪಡೆಯಬೇಕು. ಸಿಲಿಂಡರ್ ಎಲ್ಲ ಕಡೆ ಒಂದೇ ಸಮನಾಗಿ ಸವೆಯುವುದಿಲ್ಲ. ರಿಂಗ್ ತಿರುಗಿ ಇಳಿಯುವ ಮೇಲ್ಭಾಗದಲ್ಲಿ ಹೆಚ್ಚು ಸವೆದು, ಮೊಟ್ಟೆಯಾಕಾರಕ್ಕೂ ತಿರುಗಿರುತ್ತದೆ. ಆ ಅಂಡಾಕೃತಿ ತಯಾರಕರ ಮಿತಿಯನ್ನು ದಾಟಿದ್ದರೆ ಹೊಸ ರಿಂಗ್ ಹಾಕಿದರೂ ದುಂಡಗಿನ ರಿಂಗ್ ದುಂಡಗಲ್ಲದ ಗೋಡೆಗೆ ಕೂರುವುದಿಲ್ಲ, ಹಣ ವ್ಯರ್ಥ. ಮಿತಿಯೊಳಗಿದ್ದರೆ ರಿಂಗ್ ಮಾತ್ರ ಸಾಕು, ಆದರೆ ಹೋನಿಂಗ್ ಕಡ್ಡಾಯ. ಗಾಜಿನಂತೆ ನುಣುಪಾದ ಗೋಡೆಯಲ್ಲಿ ಓರೆಗೆರೆಗಳನ್ನು ಮೂಡಿಸದೆ ಹೊಸ ರಿಂಗ್ ಜೋಡಿಸಿದರೆ ಅದು ಕೂರದೆ, ಮೊದಲಿನಷ್ಟೇ ಆಯಿಲ್ ಹೋಗುತ್ತದೆ. ಹೋನಿಂಗ್ ಬೇಡ, ರಿಂಗ್ ಹಾಕಿದರೆ ಸಾಕು ಎನ್ನುವ ಗ್ಯಾರೇಜಿನಿಂದ ಕಾರನ್ನು ಹೊರತರುವುದೇ ಒಳ್ಳೆಯದು. ಕಂಪನಿಯ ಬಿಡಿಭಾಗಗಳೋ ಮಾರುಕಟ್ಟೆಯವೋ ಎಂಬುದನ್ನು ಅಂದಾಜುಪಟ್ಟಿಯಲ್ಲೇ ಬರೆಯಿಸಿಕೊಂಡು, ಬಿಚ್ಚಿದ ಹಳೆಯ ರಿಂಗು, ಬೇರಿಂಗುಗಳನ್ನು ತೋರಿಸುವಂತೆ ಕೇಳಿಕೊಳ್ಳಬೇಕು.

ಕೆಲಸವಾದ ಮೇಲೆ ಮೊದಲ 1000 ಕಿ.ಮೀ. ಎಂಜಿನ್‌ನ ವೇಗವನ್ನು ಬದಲಿಸುತ್ತ, ಉದ್ದ ಐಡಲ್ ತಪ್ಪಿಸಿ ಓಡಿಸಿ, ಆಯಿಲ್ ಮತ್ತು ಫಿಲ್ಟರನ್ನು ಬದಲಿಸಬೇಕು. ಈ ಅವಧಿಯಲ್ಲಿ ಸ್ವಲ್ಪ ಆಯಿಲ್ ಖರ್ಚಾದರೆ ಗಾಬರಿಯಾಗಬೇಕಿಲ್ಲ.

ಡೀಸೆಲ್ ಕಾರಿನವರು ಇಷ್ಟು ದೂರ ಬರುವ ಮೊದಲು ಟರ್ಬೊ ನೋಡಿಸಬೇಕು. ಇಂಟರ್‌ಕೂಲರಿನ ಪೈಪ್ ಬಿಚ್ಚಿದಾಗ ಆಯಿಲ್ ನಿಂತಿದ್ದರೆ ಟರ್ಬೊದ ಶಾಫ್ಟ್ ಅಥವಾ ಅದರ ಆಯಿಲ್ ಮರಳುವ ಪೈಪ್ ಅನುಮಾನಾಸ್ಪದ, ಮತ್ತು ಇದನ್ನು ಮುಂದೂಡುವಂತಿಲ್ಲ. ಟರ್ಬೊದಿಂದ ಹರಿಯುವ ಆಯಿಲನ್ನೇ ಇಂಧನವಾಗಿಸಿಕೊಂಡು ಡೀಸೆಲ್ ಎಂಜಿನ್ ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ.

ಸೆಕೆಂಡ್ ಹ್ಯಾಂಡ್ ಎಂಜಿನ್

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಪೂರ್ತಿ ಎಂಜಿನ್ ಸಿಗುತ್ತದೆ, ಕೆಲವೊಮ್ಮೆ ಪೂರ್ತಿ ಕೆಲಸಕ್ಕಿಂತ ಕಡಿಮೆ ಹಣಕ್ಕೆ. ಅದು ಎಷ್ಟು ಓಡಿದೆ, ಆಯಿಲ್ ಕುಡಿಯುತ್ತಿತ್ತೇ ಎಂಬುದಕ್ಕೆ ಅಂಗಡಿಯವರ ಮಾತೇ ಆಧಾರ. ಕಂಪ್ರೆಷನ್ ತೋರಿಸದ ಎಂಜಿನ್ ಕೊಳ್ಳಬಾರದು. ಅದಕ್ಕಿಂತ ದೊಡ್ಡ ತೊಡಕು ಆರ್‌ಸಿಯದು. ಎಂಜಿನ್ ನಂಬರ್ ಬದಲಾದರೆ ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಅದಕ್ಕೆ ಎಂಜಿನ್ ಎಲ್ಲಿಂದ ಬಂತು ಎಂಬ ದಾಖಲೆ ಬೇಕು. ಬಿಲ್ ಇಲ್ಲದ ಎಂಜಿನ್ ಎಷ್ಟೇ ಅಗ್ಗವಾದರೂ ಕೊಳ್ಳುವಂಥದ್ದಲ್ಲ. ಹಿಂದಿನ ಚರಿತ್ರೆ ಗೊತ್ತಿರುವ ನಿಮ್ಮ ಬ್ಲಾಕನ್ನೇ ಬೋರ್ ಮಾಡಿಸುವುದನ್ನು ನಾನು ಇದಕ್ಕಿಂತ ಮೇಲೆಣಿಸುತ್ತೇನೆ.

ಮಾರುವುದು

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ಆ ಗಡುವಿಗೆ ಒಂದೆರಡು ವರ್ಷವಿರುವ ಕಾರು ಆಯಿಲ್ ಕುಡಿಯುತ್ತಿದ್ದು, ತುಕ್ಕು, ಕ್ಲಚ್, ಟೈರುಗಳ ಖರ್ಚೂ ಕಾದಿದ್ದರೆ, ಎಂಜಿನ್ ಕೆಲಸ ಮಾಡಿಸಿ ಮಾರಿದರೆ ಹಾಕಿದ ಹಣ ಬೆಲೆಯಲ್ಲಿ ಮರಳುವುದಿಲ್ಲ. ಇದ್ದ ಸ್ಥಿತಿಯಲ್ಲೇ ಮಾರುವುದು ವಾಸಿ. ಹೊಗೆ ಅಡಗಿಸಲು ದಪ್ಪ ಆಯಿಲ್ ಸುರಿದು ತೋರಿಸುವವರಿದ್ದಾರೆ, ಆದರೆ ಅನುಭವವಿರುವ ಕೊಳ್ಳುಗ ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿಸಿ ನೋಡುತ್ತಾನೆ, ಆಯಿಲ್ ಮುಚ್ಚಳ ತೆಗೆಸುತ್ತಾನೆ, ಸೈಲೆನ್ಸರಿನ ಬಾಯಿಯೊಳಗೆ ಬೆರಳಾಡಿಸಿ ಜಿಡ್ಡು ಹತ್ತುತ್ತದೆಯೇ ಎಂದು ನೋಡುತ್ತಾನೆ. 1000 ಕಿ.ಮೀ.ಗೆ ಎಷ್ಟು ಖರ್ಚಾಗುತ್ತದೆ ಎಂಬ ನಿಮ್ಮ ಅಳತೆಯ ಪುಟ ಮತ್ತು ಕಂಪ್ರೆಷನ್ ಅಂಕಿಗಳನ್ನು ಅವನ ಮುಂದಿಟ್ಟರೆ, ಬೆಲೆಯ ಚೌಕಾಸಿ ಅನುಮಾನದ ಮೇಲಲ್ಲದೆ ಆ ಅಂಕಿಗಳ ಮೇಲೆ ನಡೆಯುತ್ತದೆ.